ಮಿಂಚಿನ ಸಿಳ್ಳೆಗೆ ಸಾಕ್ಷಿ

ನಿಮಗೆ ತಿಳಿದ ಒಂದು ಕೆಲಸವನ್ನು ಅಪರಿಚಿತರೊಬ್ಬರ ಕೈಗೂ ದಕ್ಕುವಂತೆ ಎಂದಾದರೂ ಬರೆದುಕೊಟ್ಟಿದ್ದೀರಾ? ಇಲ್ಲ ತಾನೆ? ಕಲಿತದ್ದನ್ನೆಲ್ಲ ತಲೆಯೊಳಗೆ ಬೀಗ ಹಾಕಿಟ್ಟು, ಕೇಳಿದವರಿಗೆ ‘ಅದೆಲ್ಲ ಅಭ್ಯಾಸದಿಂದ ಬರಬೇಕು’ ಎಂದು ಸಾಗಹಾಕುವವರೇ ಎಲ್ಲೆಲ್ಲೂ. ಅದನ್ನು ವಿನಯವೆಂದು ಕರೆಯಬೇಡಿ; ಅದು ಜಿಪುಣತನ.

ಮೆರಿನ್ ಟ್ರಿಫಿಟ್‌ಗೆ ಆ ಜಿಪುಣತನವಿರಲಿಲ್ಲ. ಟಾಸ್ಮೇನಿಯಾ ದ್ವೀಪದ ಹೋಬಾರ್ಟ್ ಪಟ್ಟಣದಲ್ಲಿ ಜನರ ಕಿವಿ ಪರೀಕ್ಷಿಸುವುದು ಅವಳ ಉದ್ಯೋಗ. ಬಿಡುವಿನಲ್ಲಿ ಅವಳು ತಗಡಿನ ಡಬ್ಬದೊಳಗೆ ಒಂದು ರೇಡಿಯೋ ಮಾಡಿದ್ದಳು. ಚಳಿಗಾಲದ ಮುಂಜಾನೆಗಳಲ್ಲಿ ಅದನ್ನು ಹಿಡಿದು, ಕರೆಂಟಿನ ತಂತಿ ಸುಳಿಯದ ಬ್ರೂನಿ ದ್ವೀಪದ ಗುಡ್ಡದ ಮೇಲೆ ನಿಲ್ಲುತ್ತಿದ್ದಳು. ಆ ರೇಡಿಯೋಗೆ ಯಾವ ನಿಲಯವೂ ಸಿಗದು. ಭೂಗೋಳದ ಆಚೆ ತುದಿಯಲ್ಲಿ, ಸೈಬೀರಿಯಾದ ಕಡೆ ಎಲ್ಲೋ ಮಿಂಚು ಹೊಡೆದರೆ, ಅದರ ಅಲೆ ಭೂಮಿಯ ಕಾಂತಬಲದ ಗೆರೆ ಹಿಡಿದು ಗಾಳಿಯೇ ಇಲ್ಲದ ಎತ್ತರಕ್ಕೇರಿ, ಅಲ್ಲಿಂದ ಬಾಗಿ, ಟಾಸ್ಮೇನಿಯಾದ ಮೇಲೆ ಬಂದಿಳಿಯುತ್ತದೆ. ರೇಡಿಯೋದಲ್ಲಿ ಅದು ಮೇಲಿನಿಂದ ಕೆಳಕ್ಕೆ ಜಾರುವ ಸಿಳ್ಳೆ. ಮೊದಲ ಸಲ ಕೇಳಿದಾಗ ಮೆರಿನ್ ಒದ್ದೆ ಹುಲ್ಲಿನ ಮೇಲೆ ಹಾಗೆಯೇ ಕುಳಿತುಬಿಟ್ಟಿದ್ದಳು.

ಆ ಸದ್ದನ್ನು ರೆಕಾರ್ಡ್ ಮಾಡಿಕೊಂಡು ಬಂದು ಕೇಳಿಸಿದರೆ ಗಂಡ ನಕ್ಕಿದ್ದ: “ಡಬ್ಬ ಕೆಟ್ಟು ಕಿರುಗುಟ್ತಿದೆ ಕಣೆ. ಊರೋರ ಕಿವಿ ನೋಡೋಳು, ನಿನ್ ಕಿವೀನೂ ಒಂದ್ಸಲ ನೋಡ್ಕೋ.” ಗುಡ್ಡಕ್ಕೆ ಬಾ ಎಂದರೆ ಹೊದಿಕೆ ಎಳೆದುಕೊಂಡಿದ್ದ. ಅಂದಿನಿಂದ ಅವಳಿಗೆ ಬೇಕಾದದ್ದು ಒಂದೇ. ಬೇರೊಬ್ಬರು, ತಾವೇ ಮಾಡಿದ ರೇಡಿಯೋದಲ್ಲಿ, ಆ ಸಿಳ್ಳೆ ಕೇಳಬೇಕು. ಇಲ್ಲವಾದರೆ ಅದು ಇದ್ದೂ ಇಲ್ಲದಂತೆ.

ಆದ್ದರಿಂದ ಅವಳು, ಗಂಡ ನಕ್ಕದ್ದನ್ನೂ ಸೇರಿಸಿ, ‘ಬಿಚ್ಚಿದ ಡಬ್ಬ’ ಪತ್ರಿಕೆಗೆ ಬರೆದಳು. ಫೆನೆಲಾ ಎಂಬಾಕೆ ತನ್ನ ಕಾರ್ ಷೆಡ್ಡಿನಲ್ಲಿ ಅಚ್ಚು ಹಾಕಿ, ಕೈಯಲ್ಲೇ ಹೊಲಿದು ಕಳಿಸುವ ತೆಳು ಪತ್ರಿಕೆ ಅದು. ಅದನ್ನು ಓದುವವರೇ ಅದಕ್ಕೆ ಬರೆಯುವವರು. ಅದರ ಕಟ್ಟಳೆ ಮಾತ್ರ ಕಠಿಣ. ಲೇಖನದಲ್ಲಿ ಹೇಳಿದ ವಸ್ತುವನ್ನು ಮೊದಲು ಗುರುತು ಪರಿಚಯವಿಲ್ಲದ ಓದುಗರೊಬ್ಬರು ಬರಹವನ್ನಷ್ಟೇ ನಂಬಿ ಮಾಡಬೇಕು. ಬರೆದವರು ಪಕ್ಕದಲ್ಲಿದ್ದರೂ ತುಟಿ ಬಿಚ್ಚಬಾರದು. ವಸ್ತು ನಡೆದರೆ ಅಚ್ಚಿಗೆ, ಇಲ್ಲವಾದರೆ ವಾಪಸು.

ಅಲ್ಲಿ ಚಳಿಗಾಲವಾದ ಜೂನ್ ತಿಂಗಳ ಒಂದು ಬೆಳಗು ಮೆರಿನ್, ಫೆನೆಲಾ ಮತ್ತು ಅಂಥ ಓದುಗನೊಬ್ಬ ಗುಡ್ಡದ ಮೇಲಿದ್ದರು. ಬರಹ ಓದಿ ರೇಡಿಯೋ ಮಾಡಿ ತಂದ ಆ ಓದುಗ, ಸಿಗ್ನೆಟ್ ಊರಿನ ಸೇಬಿನ ತೋಟದ ಮುದುಕ ಬೆವನ್. ಉಣ್ಣೆಯ ಟೋಪಿ, ದಪ್ಪ ಗವಸು. ರೇಡಿಯೋವನ್ನು ಬೇಲಿಯ ಮರದ ಗೂಟದ ಮೇಲಿಟ್ಟು ಗುಂಡಿ ತಿರುಗಿಸಿದ. ಬರಿಯ ಗೊರಗೊರ ಸದ್ದು.

“ಇದೇನಾ ಸೈಬೀರಿಯಾ? ನಮ್ಮನೆ ಕೆಟಲ್ ಇದಕ್ಕಿಂತ ಚೆನ್ನಾಗಿ ಹಾಡುತ್ತೆ.”

“ಇನ್ನೊಂದ್ ಸ್ವಲ್ಪ ಹೊತ್ತು ನೋಡೋಣ, ಬೆವನ್,” ಎಂದಳು ಫೆನೆಲಾ.

“ಎಷ್ಟೊತ್ತು ನೋಡ್ತೀಯಮ್ಮ? ಆಗ್ಲೇ ಕಾಲ್ ಮರಗಟ್ಟೋಯ್ತು.”

ಮೆರಿನ್ ತುಟಿ ಕಚ್ಚಿಕೊಂಡಳು. ಅವನು ಬೆಸೆದದ್ದರಲ್ಲಿ ತಪ್ಪಿರಲಿಲ್ಲ. ಅವಳೇ ಕಣ್ಣಾರೆ ನೋಡಿದ್ದಳು. ಹಾಗಾದರೆ ಗಂಡ ಹೇಳಿದ್ದೇ ನಿಜವೇ?

ಫೆನೆಲಾ ನಿಟ್ಟುಸಿರಿಟ್ಟಳು. “ಕೊನೇದಾಗಿ ನೀನೇ ಒಂದ್ಸಲ ಹಿಡಿದು ತೋರ್ಸು, ಮೆರಿನ್. ಮಾತು ಮಾತ್ರ ಬೇಡ.”

ಮೆರಿನ್ ಬೆವನ್‌ನ ರೇಡಿಯೋವನ್ನು ಕೈಗೆತ್ತಿಕೊಂಡಳು. ಆ ಕ್ಷಣವೇ ಗೊರಗೊರ ಹಿಂದೆ ಸರಿಯಿತು. ಒಣ ಎಲೆಯ ಮೇಲೆ ಹನಿ ಬಿದ್ದಂತೆ ಚಟಪಟ ಸದ್ದು ತುಂಬಿಕೊಂಡಿತು. ಕೆಳಗಿಟ್ಟಳು, ಸತ್ತಿತು. ಎತ್ತಿದಳು, ಬದುಕಿತು.

“ಅಲಾ ಇದರ! ಮಾಡಿದೋನು ನಾನು, ಬಾಲ ಅಲ್ಲಾಡ್ಸೋದು ಅವಳಿಗೆ. ನಮ್ಮನೆ ನಾಯೀನೂ ಹಿಂಗೇ,” ಎಂದ ಬೆವನ್. ಆಮೇಲೆ ಮುಂದೆ ಬಾಗಿ ಅವಳ ಕೈ ನೋಡಿದ. “ತಡಿಯಮ್ಮಾ. ನಿನ್ ಹೆಬ್ಬೆರಳು ಡಬ್ಬದ ತಗಡಿಗೆ ತಾಗ್ತಿದ್ಯಲ್ಲ? ಇದನ್ನೆಲ್ಲಿ ಬರ್ದಿದೀಯ?”

ಎಲ್ಲೂ ಬರೆದಿರಲಿಲ್ಲ. ತಂತಿ, ತಗಡು, ಬ್ಯಾಟರಿ ಎಲ್ಲವನ್ನೂ ಬರೆದವಳು ತನ್ನ ಮೈಯೂ ಆ ರೇಡಿಯೋದ ಒಂದು ಭಾಗವೆಂಬುದನ್ನು ಬರೆದಿರಲಿಲ್ಲ. ಅರ್ಥಿಂಗಿನಂತೆ ಅದನ್ನು ನೆಲಕ್ಕೆ ಜೋಡಿಸುತ್ತಿದ್ದ ತಂತಿ ಅವಳೇ! ಪ್ರತಿ ಸಲವೂ ಬರಿಗೈಯಲ್ಲಿ ಹಿಡಿದಿದ್ದರಿಂದ ಅದು ಅವಳ ಗಮನಕ್ಕೇ ಬಂದಿರಲಿಲ್ಲ.

ಬೆವನ್ ಹಲ್ಲಿನಿಂದ ಕಚ್ಚಿ ಗವಸು ಎಳೆದು, ರೇಡಿಯೋವನ್ನು ತಾನೇ ಕೈಗೆ ತೆಗೆದುಕೊಂಡು, ಕಪ್ಪು ಹಿಡಿದ ಹೆಬ್ಬೆರಳನ್ನು ತಗಡಿಗೊತ್ತಿದ. ಚಟಪಟ ಮತ್ತೆ ಎದ್ದಿತು. ಸಮುದ್ರದಾಚೆ ಬಾನಂಚು ತಿಳಿಯಾಗುತ್ತಿತ್ತು. ಆಗ ಬಂತು ಅದು: ಎಳೆಯಷ್ಟು ತೆಳ್ಳಗೆ ಎತ್ತರದಲ್ಲಿ ಹುಟ್ಟಿ, ಸುದೀರ್ಘವಾಗಿ ಜಾರುತ್ತ, ಆಳಕ್ಕಿಳಿದು ಕರಗಿದ ಸಿಳ್ಳೆ. ಅದರ ಬೆನ್ನಿಗೇ ಇನ್ನೊಂದು. ಯಾರೂ ಕಂಡಿರದ ಮಿಂಚೊಂದು ಭೂಮಿಯನ್ನೇ ದಾಟಿ ಬಂದು ಒಬ್ಬ ಮುದುಕನ ಅಂಗೈಯಲ್ಲಿ ದನಿಯಾಗಿತ್ತು.

ಬೆವನ್ ಟೋಪಿ ತೆಗೆದ.

“ಎಪ್ಪತ್ತು ವರ್ಷ ಇದೇ ಆಕಾಶದ ಕೆಳಗೆ ಬದುಕಿದೀನಿ,” ಎಂದ, ಮೆಲ್ಲಗೆ. “ಇದು ಯಾವಾಗ್ಲೂ ಇತ್ತಾ?”

ಮೆರಿನ್ ಫೆನೆಲಾಳತ್ತ ನೋಡಿದಳು. “ಮಾತಾಡೇ, ಇನ್ನೇನು ತಡೆ,” ಎಂದಳು ಫೆನೆಲಾ, ಕಣ್ಣೊರೆಸಿಕೊಳ್ಳುತ್ತ.

“ಯಾವಾಗ್ಲೂ ಇತ್ತು ಬೆವನ್. ನಿಮಗೂ ಕೇಳಿಸ್ತಲ್ಲಾ?”

“ಕೇಳಿಸ್ತು ಕಣಮ್ಮ. ನಿನ್ ಗಂಡನ್ ಮುಂದೆ ಬೇಕಾದ್ರೂ ಹೇಳ್ತೀನಿ.”

ಲೇಖನ ಅಚ್ಚಾಯಿತು, ಒಂದು ಸಾಲು ಹೆಚ್ಚಾಗಿ: ‘ಗವಸು ತೆಗೆದು, ತಗಡನ್ನು ಬರಿಗೈಯಲ್ಲಿ ಹಿಡಿಯಿರಿ, ನೀವಿಲ್ಲದೆ ಇದು ಪೂರ್ತಿಯಾಗದು.’

ಆ ಒಂದು ಸಾಲು ಮೆರಿನ್ ಒಬ್ಬಳಿಂದ ಹುಟ್ಟುತ್ತಿರಲಿಲ್ಲ. ಬರೆದು ಬೇರೊಬ್ಬರ ಕೈಗೆ ಕೊಟ್ಟದ್ದರಿಂದ ಹುಟ್ಟಿತು. ನಿಮ್ಮ ಕೈಗೂ ಅಭ್ಯಾಸವಾಗಿ, ನಿಮ್ಮ ಕಣ್ಣಿಗೇ ಮರೆಯಾದ ಅಂಥದೊಂದು ಸಾಲು ಇದ್ದೇ ಇದೆ. ಅದನ್ನು ನಿಮ್ಮೊಡನೆ ಮಣ್ಣು ಮಾಡುವ ಹಕ್ಕು ನಿಮಗಿಲ್ಲ. ನೀವು ಬಲ್ಲ ಒಂದು ಕೆಲಸವನ್ನು ಈ ವಾರವೇ ಬರೆಯಿರಿ. ಪರಿಚಯವಿಲ್ಲದವರಿಗೆ ಕೊಟ್ಟು, ಅವರು ಮಾಡುವಾಗ ಬಾಯಿ ಮುಚ್ಚಿ ಪಕ್ಕದಲ್ಲಿ ಕುಳಿತುಕೊಳ್ಳಿ. ಬಿಟ್ಟುಹೋದದ್ದನ್ನು ಸೇರಿಸಿ, ನಿಮ್ಮ ಊರಿನ ಯಾವುದಾದರೂ ಸಣ್ಣ ಪತ್ರಿಕೆಗೆ ಕಳುಹಿಸಿ.