ನಾನು ಇಳಿಯದ ಬಾವಿ

ಸ್ಟೇಷನ್ ರಸ್ತೆಯ ಸಭಾಭವನದಲ್ಲಿ ‘ವಿಜ್ಞಾನ ಮನುಷ್ಯನ ಸ್ವಭಾವವನ್ನು ಬದಲಿಸುತ್ತಿದೆಯೇ?’ ಎಂಬ ಸಂವಾದ ಎರಡು ತಾಸಿನಿಂದ ನಡೆದಿತ್ತು. ಕಾಲೇಜಿನಲ್ಲಿ ಕನ್ನಡ ಕಲಿಸುವವಳೆಂದು ನನ್ನನ್ನೂ ವೇದಿಕೆಯ ಮೇಲೆ ಕೂರಿಸಿದ್ದರು. ಹೌದು ಎಂದವರು ಹೇಳಿದ್ದನ್ನೇ ಹೇಳಿದ್ದರು, ಇಲ್ಲ ಎಂದವರೂ ಅಷ್ಟೇ. ತಲೆ ಭಾರವಾಗಿತ್ತು.

ಕೊನೆಯ ಸಾಲಿನಲ್ಲಿ ನನ್ನ ಸೋದರಮಾವನ ಹೆಂಡತಿ ಮುರಿಗೆವ್ವ ಇದ್ದಳು. ಮೊಣಕಾಲು ತೋರಿಸಲು ಹೊನವಾಡದಿಂದ ಬಂದಿದ್ದ ಅತ್ತೆಯನ್ನು, ಸಭೆ ಮುಗಿದ ಮೇಲೆ ಬಸ್ಸು ಹತ್ತಿಸಿದರಾಯಿತೆಂದು ಕರೆತಂದಿದ್ದೆ. ಸಭಿಕರ ಸರದಿ ಬಂದಾಗ ಅವಳು ಎದ್ದು ನಿಂತು ನನ್ನತ್ತ ಕೈ ತೋರಿಸಿದಳು.

“ಮಂದಿ ಕಲ್ಲಾಗ್ಯಾರ ಅಂತೀರಲ್ರಿ. ನಮ್ಮ ಮನಿಯವ್ರು ತೀರಿಕೊಂಡಾಗ ಈ ನಂದಾ ಬರದ ಪತ್ರ ಓದ್ರಿ, ಆಮ್ಯಾಲ ಹೇಳ್ರಿ.”

ಎಲೆಯಡಿಕೆಯ ಚಂಚಿಯಿಂದ, ಮಡಿಕೆಯಲ್ಲಿ ಹರಿದಿದ್ದ ಹಾಳೆಯೊಂದನ್ನು ತೆಗೆದಳು.

ಎರಡು ವರ್ಷದ ಹಿಂದೆ ಕಾಮಾಲೆಯಾಗಿ ಮಲಗಿದ್ದ ನನಗೆ ಶಂಕ್ರೆಪ್ಪ ಮಾವನ ಮಣ್ಣಿಗೆ ಹೋಗಲಾಗಿರಲಿಲ್ಲ. ಪತ್ರ ಬರೆಯಲು ಕೂತರೆ ಯಾವ ಮಾತೂ ಸರಿ ಅನಿಸಲಿಲ್ಲ. ಬರೆದು ಹರಿದು ಸಾಕಾಗಿ ಮೊಬೈಲಿನ ಎಐಗೆ ಕೇಳಿದೆ. ಅದು ಕೊಟ್ಟದ್ದನ್ನು ನನ್ನ ಅಕ್ಷರದಲ್ಲಿ ನಕಲು ಮಾಡಿದೆ. ಮಾವ ನನಗೆ ತೋಟದ ಬಾವಿಯಲ್ಲಿ ಈಜು ಕಲಿಸಿದ್ದ ಎಂದು ಅದರಲ್ಲಿತ್ತು. ಕಲಿಸಿರಲಿಲ್ಲ. ನಾನು ಬಾವಿಗೆ ಇಳಿದವಳೇ ಅಲ್ಲ. ಆದರೆ ಸಾಲು ಚೆನ್ನಾಗಿತ್ತು, ಬಿಡಲು ಮನಸ್ಸಾಗಲಿಲ್ಲ.

ನಿರೂಪಕ ಸತೀಶಕುಮಾರ ಮೈಕಿನಲ್ಲಿ ಓದಿದರು. ಬಾವಿಯ ಸಾಲು ಬಂದಾಗ ಯಾರೂ ಕೆಮ್ಮಲಿಲ್ಲ. ಓದು ಬಾರದ ಅತ್ತೆಯ ತುಟಿಗಳು ಜೊತೆಗೇ ಅಲುಗುತ್ತಿದ್ದವು. ಅವಳಿಗದು ಬಾಯಿಪಾಠ.

“ನಮ್ಮಪ್ಪ ಹೋದಾಗ ನಮ್ಮ ಅಳಿಯ ವಾಟ್ಸಾಪಿನಾಗ ಕೈ ಮುಗಿದ ಚಿತ್ರ ಎರಡು ಕಳಿಸಿದ, ಅಷ್ಟ!” ಎಂದರು ಮುಂದಿನ ಸಾಲಿನಲ್ಲಿ ಕೂತಿದ್ದ ಸುಭಾಷ ಎಂಬವರು. ಸಭೆ ನಕ್ಕಿತು.

“ಇಂಥಾದ್ದು ಯಾವ ಮಷಿನ್ ಬರದೀತು? ನೀವ ಹೇಳ್ರಿ ಮೇಡಂ.” ಸತೀಶಕುಮಾರ ಮೈಕನ್ನು ನನ್ನತ್ತ ಚಾಚಿದರು.

ಅತ್ತೆ ಇನ್ನೂ ನಿಂತೇ ಇದ್ದಳು, ನೋಯುವ ಕಾಲಿನ ಮೇಲೆ.

“ಮಾವ ಬಾಳ ಒಳ್ಳೆಯವರಿದ್ರು” ಎಂದೆ. ಚಪ್ಪಾಳೆ ಬಿತ್ತು.

ಬಸ್ ನಿಲ್ದಾಣಕ್ಕೆ ಬರುವವರೆಗೂ ನನಗೆ ಆ ಚಪ್ಪಾಳೆಯೇ ಕೇಳುತ್ತಿತ್ತು. ತಡೆಯಲಾಗಲಿಲ್ಲ.

“ಅತ್ತಿ, ಆ ಪತ್ರ ನಾ ಬರದಿದ್ದಲ್ಲ. ಮೊಬೈಲ್ ಬರದು ಕೊಟ್ಟಿದ್ದು. ಮಾವ ನನಗ ಈಜು ಕಲಿಸೇ ಇಲ್ಲ.”

ಅತ್ತೆ ನಕ್ಕಳು. “ಹುಚ್ಚಿ, ನಿನಗೇನು ನೆನಪಿರತೈತಿ ಬೇ? ಮೊಳದುದ್ದ ಇದ್ದಿ. ನಾ ದಂಡ್ಯಾಗ ನಿಂತು ಬೈಯಾಕತ್ತಿದ್ದೆ, ಕೂಸಿಗಿ ಥಂಡಿ ಆಗತೈತಿ, ಮ್ಯಾಲ ತಗೊಂಡು ಬರ್ರಿ ಅಂತ. ಅವ್ರೆಲ್ಲಿ ಕೇಳ್ಬೇಕು!”

“ಇಲ್ಲ ಅತ್ತಿ, ಅದು ಖರೇ ಅಲ್ಲ.”

“ಕೆಂಪು ಲಂಗಾ ಇತ್ತು ನಿಂದು. ಬೆನ್ನಿಗಿ ಒಣಗಿದ ಕುಂಬಳಕಾಯಿ ಕಟ್ಟಿದ್ರು, ಮುಳುಗಬಾರದಂತ.”

ಪತ್ರದಲ್ಲಿ ಲಂಗವಿರಲಿಲ್ಲ. ಕುಂಬಳಕಾಯಿಯೂ ಇರಲಿಲ್ಲ.

ತಿಕೋಟಾ ಮೇಲೆ ಹೊನವಾಡಕ್ಕೆ ಹೋಗುವ ಬಸ್ಸು ಬಂತು. ಅವಳ ರಟ್ಟೆ ಹಿಡಿದು ಹತ್ತಿಸಿ, ಕಿಟಕಿಯ ಬಳಿ ಕೂರಿಸಿ ಇಳಿದೆ. ಅತ್ತೆ ಸರಳಿನ ಸಂದಿಯಿಂದ ಬಗ್ಗಿದಳು.

“ಊರಿಗಿ ಬಾ, ಬಾವಿಗಿ ಹೋಗೂಣು. ಯಾವ ಪಾವಟಿಗಿ ಮ್ಯಾಲ ನಿನ್ನ ಕುಂದರಿಸಿದ್ರು ತೋರಸ್ತೇನಿ.”

ನಾನು ಹೂಂ ಎಂದೆ.