ನನ್ನ ಮೆಷಿನ್ ಎಲ್ಲಿಗೂ ಹೋಗುವುದಿಲ್ಲ

ಬೆಳಿಗ್ಗೆ ನನ್ನ ಕಂಪ್ಯೂಟರ್ ಕೆಟ್ಟಿತು. ಮಧ್ಯಾಹ್ನದ ಊಟಕ್ಕೆ ಮೊದಲೇ ಗಂಡನ ಅಣ್ಣ, ನಮ್ಮ ಭಾವ, ತಾವು ಮಾರುವ ನೀರಿನ ಫಿಲ್ಟರುಗಳ ದೊಡ್ಡ ಪೆಟ್ಟಿಗೆಯೊಂದನ್ನು ಹೊತ್ತು ತಂದು ನನ್ನ ಕೋಣೆಯಲ್ಲಿ ಇಳಿಸಿದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಕಂಡಿದ್ದೇನೆ. ಉಸಿರು ನಿಲ್ಲುವ ಮುಂಚೆ ಹಾಸಿಗೆ ಮಡಿಸುವವರನ್ನು ಕಂಡದ್ದು ಅವತ್ತೇ ಮೊದಲು.

ಕೋಣೆ ಎಂದರೆ ಭಾರೀ ಏನಲ್ಲ. ಅಡುಗೆಮನೆಗೂ ಹಿಂಬಾಗಿಲಿಗೂ ನಡುವೆ ಉಳಿದ ಜಾಗ, ಒಂದು ಮೇಜು, ಒಂದು ಕುರ್ಚಿ, ಒಳಗಿನಿಂದ ಹಾಕಿಕೊಳ್ಳಬಹುದಾದ ಬಾಗಿಲು. ನನಗೆ ಅಷ್ಟು ಸಾಕು, ಬಾಗಿಲಂತೂ ಬೇಕೇ ಬೇಕು. ನಾನು ಶಾಲಾ ಪರೀಕ್ಷೆಗಳ ಪ್ರಶ್ನೆಪತ್ರಿಕೆ ಟೈಪ್ ಮಾಡುವವಳು. ಮೇಷ್ಟ್ರುಗಳ ಕೈಬರಹದ ಹಾಳೆಗಳು ಮೊಹರು ಮಾಡಿದ ಲಕೋಟೆಯಲ್ಲಿ ಬರುತ್ತವೆ, ನಾನು ಪುಟ ಮಾಡಿ ಮುದ್ರಣಾಲಯಕ್ಕೆ ಕಳಿಸುತ್ತೇನೆ. ನಡುವೆ ಇನ್ನೊಬ್ಬರ ಕಣ್ಣು ಬೀಳುವಂತಿಲ್ಲ. ಕೆಲಸ ಕೊಡುವಾಗಲೇ ಮುದ್ರಣಾಲಯದ ಯಜಮಾನರು ಹೇಳಿದ್ದರು: "ನೋಡಮ್ಮ, ನಿಮ್ಮ ಮೆಷಿನ್ ಮನೆಯಿಂದ ಹೊರಗೆ ಹೋದ ದಿನ ಕೆಲಸಾನೂ ಹೋಯ್ತು ಅಂತ ತಿಳ್ಕೊಳ್ಳಿ." ಅವತ್ತು ಸಂಜೆಯೊಳಗೆ ಗಣಿತದ ಪತ್ರಿಕೆ ಕಳಿಸಬೇಕಿತ್ತು. ಪುಟಗಳೆಲ್ಲ ಸಿದ್ಧವಾಗಿ ಆ ಕೆಟ್ಟ ಮೆಷಿನ್ನಿನ ಹೊಟ್ಟೆಯಲ್ಲೇ ಕೂತಿದ್ದವು.

"ನಮ್ಮ ಡಾಕ್ಟರನ್ನ ಕೇಳ್ದೆ ಕಣಮ್ಮ," ಎಂದರು ಭಾವ, ಬೆವರು ಒರೆಸಿಕೊಳ್ಳುತ್ತ. ಡಾಕ್ಟರ್ ಎಂದರೆ ಮೊಬೈಲ್ ರಿಪೇರಿ ಅಂಗಡಿಯ ಅವರ ಗೆಳೆಯ. ನಾಡಿ ಹಿಡಿಯದೆ ಫೋನಿನಲ್ಲೇ ಸಾವು ಸಾರುವುದರಲ್ಲಿ ಎತ್ತಿದ ಕೈ. "ಕಂಪ್ಯೂಟರ್ ಒಳಗಿನ ಫ್ಯಾನ್ ತಿರುಗಿ ಹಾಗೇ ನಿಂತುಹೋದ್ರೆ ಮದರ್‌ಬೋರ್ಡೇ ಹೋಗಿದೆ ಅಂದ. ಸಾಯಂಕಾಲ ಬಂದು ಅಂಗಡಿಗೆ ತಗೊಂಡು ಹೋಗ್ತಾನೆ. ಆಗ್ಲಿಲ್ಲ ಅಂದ್ರೆ ಗುಜರಿಗೆ."

"ನನ್ನ ಮೆಷಿನ್ ಎಲ್ಲಿಗೂ ಹೋಗಲ್ಲ ಭಾವ."

"ಸತ್ತಿರೋದನ್ನ ಇಟ್ಕೊಂಡು ಪೂಜೆ ಮಾಡ್ತೀಯಾ? ನನ್ನ ಮಾಲು ವರಾಂಡದಲ್ಲಿ ಬಿಸಿಲು ಕಾಯ್ತಾ ಇದೆ. ಈ ಜಾಗ ಇನ್ನಾದ್ರೂ ಉಪಯೋಗಕ್ಕೆ ಬರ್ಲಿ."

ಇನ್ನಾದರೂ! ನಾನು ಕೂತು ಬೆನ್ನು ಬಾಗಿಸಿದ ಜಾಗ ಇಷ್ಟು ವರ್ಷ ಯಾರ ಉಪಯೋಗಕ್ಕೂ ಬಂದಿರಲಿಲ್ಲವಂತೆ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ಹೇಗೋ ನುಂಗಿಕೊಂಡು ಗಂಡನಿಗೆ ಫೋನ್ ಮಾಡಿದೆ. ಲಾರಿ ಓಡಿಸುವ ಗಂಡ ಎಲ್ಲೋ ದೂರದ ಹೆದ್ದಾರಿಯಲ್ಲಿದ್ದ. "ಅಣ್ಣ ಹೇಳೋದೂ ಸರಿ, ನೀನ್ ಹೇಳೋದೂ ಸರಿ," ಎಂದ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಫೋನ್ ಇಟ್ಟು ಸ್ಕ್ರೂಡ್ರೈವರ್ ಹುಡುಕಿದೆ.

ಬಾಗಿಲ ಬಳಿ ಮಾವ ನಿಂತಿದ್ದರು. ಬೆಳಿಗ್ಗೆಯಿಂದ ಹಾಗೇ ನಿಲ್ಲುವುದು, ಹೋಗುವುದು, ಮತ್ತೆ ಬಂದು ನಿಲ್ಲುವುದು. ಕಾಫಿಯನ್ನೂ ಕೇಳಿರಲಿಲ್ಲ.

"ಸರಿಹೋಗುತ್ತೇನಮ್ಮ?" ಎಂದರು.

"ಹೋಗದೆ ಏನು ಮಾವ. ಹೋಗ್ಲೇಬೇಕು."

ಮೊದಲು ಗೋಡೆಯ ಪ್ಲಗ್ಗಿಗೆ ಟೇಬಲ್ ಫ್ಯಾನ್ ಚುಚ್ಚಿ ನೋಡಿದೆ. ಗಿರ್ರನೆ ತಿರುಗಿತು, ಕರೆಂಟಿನ ತಪ್ಪಲ್ಲ. ಕಂಪ್ಯೂಟರಿನ ಹಿಂದಿನ ವೈರನ್ನು ಬಿಚ್ಚಿ ಬೇರೆ ವೈರು ಹಾಕಿದೆ, ವೈರಿನ ತಪ್ಪೂ ಅಲ್ಲ. ಪ್ಲಗ್ ಕಿತ್ತಿಟ್ಟು ಪಕ್ಕದ ತಗಡು ತೆಗೆದೆ. ಒಳಗೆ ಧೂಳು ಹಾಸಿಗೆ ಹಾಸಿಕೊಂಡು ಮಲಗಿತ್ತು. ಹಿಂದೊಮ್ಮೆ ರಿಪೇರಿಯವನು ಮನೆಗೇ ಬಂದಾಗ ಅವನ ಕೈಯನ್ನೇ ನೋಡುತ್ತ ನಿಂತಿದ್ದೆ. ಅವನು ಮಾಡಿದ ಹಾಗೆ ಮೆಮೊರಿಯ ಪಟ್ಟಿಯನ್ನು ಹೊರಗೆಳೆದು, ಅದರ ಹಳದಿ ಹಲ್ಲುಗಳನ್ನು ರಬ್ಬರಿನಿಂದ ತಿಕ್ಕಿ, ಟಕ್ ಎನ್ನುವವರೆಗೆ ಒತ್ತಿ ಕೂರಿಸಿದೆ. ಬಣ್ಣ ಬಳಿಯುವ ಬ್ರಷ್ಷಿನಿಂದ ಧೂಳು ಹೊಡೆದೆ. ಸೀನಿ ಸೀನಿ ಕಣ್ಣಲ್ಲಿ ನೀರು ಬಂತು. ಅಳುತ್ತಿದ್ದೇನೆಂದು ಭಾವ ತಿಳಿದುಕೊಂಡರೆ ಎಂದು ಇನ್ನಷ್ಟು ಕೋಪ ಬಂತು.

ಪ್ಲಗ್ ಮತ್ತೆ ಚುಚ್ಚಿ ಗೋಡೆಯ ಸ್ವಿಚ್ ಹಾಕಿದೆ. ಒಳಗಿನ ಫ್ಯಾನ್ ತಿರುಗಿತು, ಪುಟ್ಟ ದೀಪ ಹತ್ತಿತು, ತೆರೆ ಬೆಳಗುವ ಮೊದಲೇ ಎಲ್ಲ ತಣ್ಣಗಾಯಿತು.

ವರಾಂಡದಲ್ಲಿ ಎರಡನೆಯ ಪೆಟ್ಟಿಗೆ ಎಳೆಯುವ ಸದ್ದು ಕೇಳಿಸಿತು. ಈ ಮೂಲೆ ಹೋದರೆ ನಾನು ಈ ಮನೆಯಲ್ಲಿ ಪಾತ್ರೆ ತೊಳೆಯುವ ಕಿರಿಸೊಸೆ ಮಾತ್ರ. ಅದು ನನಗೆ ಬೇಡವಾಗಿತ್ತು.

ಆಗ ತಲೆಗೆ ಹೊಳೆಯಿತು. ಗೋಡೆಯ ಸ್ವಿಚ್ ಹಾಕಿದೆ, ಸರಿ. ಕಂಪ್ಯೂಟರಿನ ಬಟನ್ನನ್ನು ನಾನು ಮುಟ್ಟಿಯೇ ಇರಲಿಲ್ಲ! ಮುಟ್ಟದೆ ಅದು ಯಾಕೆ ತಿರುಗಿತು?

ಮೆಷಿನ್ ಹಟ ಹಿಡಿದು ಅಲ್ಲಾಡದೆ ನಿಂತ ದಿನಗಳಲ್ಲಿ ನಾನೇ ಆ ಬಟನ್ನನ್ನು ಒತ್ತಿ ಹಿಡಿಯುತ್ತೇನೆ. ಹಿಡಿದೇ ಇದ್ದರೆ ಸ್ವಲ್ಪ ಹೊತ್ತಿಗೆ ಆರಿಹೋಗುತ್ತದೆ. ಈಗಲೂ ಅದೇ ಆಗುತ್ತಿತ್ತು. ಯಾರೋ ಕಾಣದ ಕೈಯೊಂದು ಬಟನ್ ಒತ್ತಿಕೊಂಡೇ ಕೂತಂತಿತ್ತು. ಬಗ್ಗಿ ನೋಡಿದೆ. ಬಟನ್ ಒಳಗೆ ಹೋಗಿ ಓರೆಯಾಗಿ ಸಿಕ್ಕಿಕೊಂಡಿತ್ತು. ಉಗುರಿಗೂ ಬರಲಿಲ್ಲ, ಸ್ಕ್ರೂಡ್ರೈವರಿಗೂ ಬರಲಿಲ್ಲ. ಮದರ್‌ಬೋರ್ಡ್ ಕಲ್ಲುಗುಂಡಿನ ಹಾಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯಲು ಹೊರಟಿದ್ದರು ಈ ಡಾಕ್ಟರು.

ಗೋಡೆಯ ಸ್ವಿಚ್ ಆರಿಸಿ, ಬಟನ್ನಿನಿಂದ ಬೋರ್ಡಿಗೆ ಹೋಗುವ ತೆಳ್ಳನೆಯ ವೈರನ್ನು ಕಿತ್ತೆ. ಅದು ಕೂತಿದ್ದ ಜಾಗದಲ್ಲಿ ಜೋಡಿ ಸೂಜಿಗಳಂಥ ಕಡ್ಡಿಗಳು ಕಂಡವು. ಸ್ವಿಚ್ ಹಾಕಿ, ಸ್ಕ್ರೂಡ್ರೈವರಿನ ತುದಿಯನ್ನು ಎರಡಕ್ಕೂ ತಾಗಿಸಲು ಹೋದೆ.

"ಏಯ್! ಶಾಕ್ ಹೊಡ್ಸ್ಕೊಂಡು ಸಾಯ್ತೀಯ!" ಪೆಟ್ಟಿಗೆಯ ಜೊತೆ ಬಾಗಿಲಿಗೆ ಬಂದ ಭಾವ ಕೂಗಿದರು.

ತಾಗಿಸಿ ತೆಗೆದೆ. ಫ್ಯಾನ್ ತಿರುಗಿತು. ತಿರುಗುತ್ತಲೇ ಇತ್ತು. ತೆರೆ ಬೆಳಗಿತು.

"ನಿಮ್ಮ ಡಾಕ್ಟರಿಗೆ ಹೇಳಿ ಭಾವ, ಹೆಣ ಎದ್ದು ಕೂತಿದೆ ಅಂತ."

ಭಾವನ ಮುಖ ಇಂಗು ತಿಂದ ಮಂಗನ ಹಾಗಾಯಿತು. ನಾನು ಅವರ ಎದುರಿಗೇ ಮೆಷಿನ್ ಆರಿಸಿ, ಪಕ್ಕದ ಪುಟ್ಟ ಬಟನ್ನಿನ ವೈರನ್ನು ಎಳೆದು ಆ ಕಡ್ಡಿಗಳಿಗೆ ಸಿಕ್ಕಿಸಿದೆ. ನಿಂತ ಮೆಷಿನ್ನನ್ನು ಮತ್ತೆ ಮೊದಲಿಂದ ಹೊರಡಿಸಲು ಇಟ್ಟಿರುವ ಬಟನ್ ಅದು. ಇನ್ನು ಮೇಲೆ ಅದೇ ನನ್ನ ಯಜಮಾನ ಬಟನ್.

"ಅಲ್ಲ, ಇದು ಒಳಗೆ ಹೋಗೋ ಹಾಗೆ ಒತ್ತಿದ್ದು ಯಾರು?" ಭಾವ ಸಿಕ್ಕಿಕೊಂಡ ಬಟನ್ನಿನತ್ತ ಬಗ್ಗಿದರು. ಸೋತವರಿಗೆ ಯಾರಾದರೂ ತಪ್ಪಿತಸ್ಥರು ಬೇಕೇ ಬೇಕು.

"ನಾನು ಕಣೋ," ಎಂದರು ಮಾವ. "ಅವಳಿಗೆ ಇವತ್ತು ಅವಸರದ ಕೆಲಸ. ಒಲೆ ಮುಂದೆ ಇದ್ಲು. ಅಷ್ಟರಲ್ಲಿ ಆನ್ ಮಾಡಿಡೋಣ ಅಂತ ಒತ್ತಿ ಹಿಡಿದೆ. ಬಂದ ಹಾಗೆ ಬಂದು ಹೋಯ್ತು. ಇನ್ನೂ ಜೋರಾಗಿ ಹಿಡಿದೆ."

ನನಗೆ ಎಲ್ಲ ಅರ್ಥವಾಯಿತು. ಮಾವ ಜೀವಮಾನವೆಲ್ಲ ತಗಡು ಒತ್ತುವ ಪ್ರೆಸ್ಸಿನ ಮುಂದೆ ನಿಂತವರು. ಆ ಯಂತ್ರಕ್ಕೆ ಎರಡು ಬಟನ್, ಎರಡು ಹೆಬ್ಬೆರಳು. ಅಚ್ಚು ಇಳಿದು ಮೇಲೆ ಹೋಗುವವರೆಗೆ ಒತ್ತಿಯೇ ಹಿಡಿದಿರಬೇಕು. ನಡುವೆ ಬಿಟ್ಟರೆ ಯಂತ್ರ ನಿಲ್ಲುತ್ತದೆ, ಮೇಲ್ವಿಚಾರಕ ಬೈಯುತ್ತಾನೆ. ಮಾವನ ಹತ್ತು ಬೆರಳೂ ಇವತ್ತಿಗೂ ಕೈಯಲ್ಲಿರುವುದು ಆ ಅಭ್ಯಾಸದಿಂದಲೇ. ಬಟನ್ ಕೆಲಸ ಮಾಡಲಿಲ್ಲವೆಂದರೆ ಸರಿಯಾಗಿ ಹಿಡಿದಿಲ್ಲ ಎಂದೇ ಅವರ ಕೈಗೆ ಗೊತ್ತಿದ್ದದ್ದು. ನನ್ನ ಕೆಲಸವನ್ನು ಕೆಲಸ ಎಂದು ಈ ಮನೆಯಲ್ಲಿ ಎಣಿಸಿದವರು ಅವರೊಬ್ಬರೇ, ಕೆಡಿಸಿದವರೂ ಅವರೇ. ನನಗೆ ಅವರ ಮೇಲೆ ಎಳ್ಳಷ್ಟೂ ಸಿಟ್ಟು ಬರಲಿಲ್ಲ.

ಭಾವನಿಗೆ ಬಂತು. "ಅಪ್ಪ, ಇನ್ಮೇಲೆ ಈ ಮನೇಲಿ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ಲೈಟ್ ಬೇಕಾದ್ರೂ ನಮ್ಮನ್ನ ಕೂಗಿ. ವಯಸ್ಸಾಯ್ತು, ಸುಮ್ನೆ ಒಂದು ಕಡೆ ಕೂತಿರಿ."

ಮಾವ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ನನಗೆ ಅದನ್ನು ನೋಡಲಾಗಲಿಲ್ಲ. ಬೆಳಿಗ್ಗೆಯಿಂದ ನುಂಗಿದ್ದೆಲ್ಲ ಒಟ್ಟಿಗೆ ಬಾಯಿಗೆ ಬಂತು.

"ಭಾವ, ನಿಮ್ಮ ಕೋಣೆ ಸ್ವಿಚ್ಚಿಗೆ ನೀವು ಬೀಗ ಹಾಕ್ಕೊಳ್ಳಿ. ಇಲ್ಲಿ ನನ್ನ ಮಾತು ನಡೆಯೋದು. ಇವತ್ತಿಂದ ನನ್ನ ಮೆಷಿನ್ ಆನ್ ಮಾಡೋರು ಮಾವನೇ. ನಾನೂ ಮುಟ್ಟಲ್ಲ." ಮಾವನ ಕಡೆ ತಿರುಗಿದೆ. "ಬನ್ನಿ ಮಾವ. ಈ ಚಿಕ್ಕದು. ಮುಟ್ಟಿ, ಬಿಟ್ಟುಬಿಡಿ."

ಅವರು ಮಗನನ್ನೊಮ್ಮೆ ನೋಡಿದರು. ಆಮೇಲೆ ಬಂದು, ಹೆಬ್ಬೆರಳನ್ನು ಪಂಚೆಗೆ ಒರೆಸಿಕೊಂಡು ಬಟನ್ ಮೇಲೆ ಇಟ್ಟರು. ಬಿಡುವುದು ಅವರಿಗೆ ಎಷ್ಟು ಕಷ್ಟವಾಯಿತೆಂದು ನನಗೆ ಕಂಡಿತು. ಬಿಟ್ಟರು.

"ನಿಂತುಹೋಗಲ್ವಾ?"

"ನಿಲ್ಲಲ್ಲ ಮಾವ."

ತೆರೆ ಬೆಳಗುವವರೆಗೆ ಮಾವ ಬಗ್ಗಿಯೇ ಇದ್ದರು. ಆಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡರು. ಯಂತ್ರದ ಗದ್ದಲದ ನಡುವೆ ಕೂಗಿ ಕೂಗಿ ಪಳಗಿದ ಆ ದನಿಯನ್ನು ನಾನು ಅದುವರೆಗೆ ಕೇಳಿಯೇ ಇರಲಿಲ್ಲ.

"ಏನೋ ನೋಡ್ತಾ ನಿಂತಿದೀಯ? ಪೆಟ್ಟಿಗೆ ಎತ್ತು. ಅವಳಿಗೆ ಕೆಲಸ ಇದೆ."

ಭಾವ ಎತ್ತಿದರು.