ನಲವತ್ತು ಹಾಳೆ

ನನ್ನ ಮಗಳು ಕೊಟ್ರಮ್ಮ ಒಂದನೇ ಕ್ಲಾಸಿಗೆ ಸೇರಿದ ದಿನ ಅವಳಿಗೊಂದು ಮಾತು ಕೊಟ್ಟಿದ್ದೆ. ಅವಳು ಮೂರನೇ ಕ್ಲಾಸಿಗೆ ಬರುವುದರೊಳಗೆ ನಾನೂ ಹೊಸದುರ್ಗಕ್ಕೇ ಬಂದು ಇರುತ್ತೇನೆ ಎಂದು. ಅವಳ ತಾಯಿ ಶಿವಗಂಗಮ್ಮ ಅಲ್ಲಿನ ಶಾಲೆಯಲ್ಲಿ ಟೀಚರು. ನಾನು ಚಿತ್ರದುರ್ಗದ ಕಾಲುವೆ ಸರ್ವೆ ಆಫೀಸಿನಲ್ಲಿ ಲೆಕ್ಕದ ಗುಮಾಸ್ತ. ಶನಿವಾರ ಸಂಜೆ ಹೊಳಲ್ಕೆರೆ ಮೇಲಿನ ಬಸ್ಸು, ಸೋಮವಾರ ನಸುಕಿನಲ್ಲಿ ವಾಪಸ್ಸು. ಮಗಳ ಪಾಲಿಗೆ ಅಪ್ಪ ಎಂದರೆ ಭಾನುವಾರ.

ಎಪ್ಪತ್ತೇಳರ ಫೆಬ್ರವರಿಯಲ್ಲಿ ನಮ್ಮ ಆಫೀಸಿಗೆ ಲೆಕ್ಕ ಮಾಡುವ ಎರಡು ಯಂತ್ರ ಪರೀಕ್ಷೆಗೆ ಬಂದವು. ಅಲ್ಲಿಯವರೆಗೆ ನಮ್ಮಲ್ಲಿದ್ದದ್ದು ಹಿಡಿಕೆ ತಿರುಗಿಸುವ ಯಂತ್ರ. ಹೊಸ ಎರಡರಲ್ಲಿ ಒಂದು ಇಟ್ಟಿಗೆಯಷ್ಟೇ ಇತ್ತು. ಗುಂಡಿ ಒತ್ತಿದರೆ ಹಸಿರು ಅಂಕಿ ಮೂಡುತ್ತಿತ್ತು. ಇನ್ನೊಂದು ಎರಡು ಟೈಪ್‌ರೈಟರ್‌ ಜೋಡಿಸಿಟ್ಟಷ್ಟು ದೊಡ್ಡದು. ಲೆಕ್ಕದ ಕ್ರಮವನ್ನು ಒಂದು ಪಟ್ಟಿಯಲ್ಲಿ ಬರೆದುಕೊಟ್ಟರೆ ಅದನ್ನು ಓದಿಕೊಂಡು ನೆನಪಿಟ್ಟುಕೊಳ್ಳುತ್ತಿತ್ತು, ಉತ್ತರವನ್ನು ತಾನೇ ಕಾಗದದ ಮೇಲೆ ಅಚ್ಚು ಹಾಕುತ್ತಿತ್ತು. ಅದನ್ನು ನಡೆಸಲು ಕಂಪನಿಯವನೊಬ್ಬ ಜೊತೆಗೇ ಬಂದಿದ್ದ.

ದೊಡ್ಡದೊಂದರ ಬೆಲೆಗೆ ಸಣ್ಣವು ನಾಲ್ಕು ಬರುತ್ತಿದ್ದವು. ಸಣ್ಣವೇ ಆದರೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗೆ ಒಂದೊಂದು, ಅದರ ಹಿಂದೆ ಒಬ್ಬೊಬ್ಬ ಲೆಕ್ಕದವನು. ಹೊಸದುರ್ಗದ ಜಾಗ ನನಗೇ ಎಂದು ಇಂಜಿನಿಯರ್ ಉಗ್ರಪ್ಪನವರು ಬಾಯಿಬಿಟ್ಟು ಹೇಳಿದ್ದರು. ದೊಡ್ಡದಾದರೆ ಎಲ್ಲ ಊರಿನ ಪುಸ್ತಕಗಳೂ ಚಿತ್ರದುರ್ಗಕ್ಕೆ, ಲೆಕ್ಕದವರೂ ಅಲ್ಲೇ. ಎರಡನ್ನೂ ಹೋಲಿಸಿ ವರದಿ ಬರೆಯುವ ಕೆಲಸವನ್ನು ಅವರು ನನಗೇ ವಹಿಸಿದರು.

ಮೊದಲ ದಿನ ಒಂದು ಹಾಳೆಯ ಲೆಕ್ಕ. ಕಾಲುವೆ ಹೋಗುವ ದಾರಿಯಲ್ಲಿ ನೆಟ್ಟ ಗೂಟಗಳ ಎತ್ತರ ತೆಗೆಯುವುದು. ಸಣ್ಣದರ ಮುಂದೆ ನನ್ನ ಜೊತೆಯ ಓಬಯ್ಯ ಕುಳಿತ. ಒಂಬತ್ತು ನಿಮಿಷಕ್ಕೆ ಮುಗಿಸಿದ. ದೊಡ್ಡದು ಬಿಸಿಯಾಗಿ, ಪಟ್ಟಿ ಓದಿ, ಅಚ್ಚು ಹಾಕಿ ಮುಗಿಸುವಾಗ ಹದಿಮೂರು. ಉಗ್ರಪ್ಪನವರು ನಕ್ಕು, ಇಷ್ಟು ಸಾಕು, ಬರೆದುಬಿಡಿ ಎಂದರು. ಓಬಯ್ಯ ನನ್ನ ಬೆನ್ನು ತಟ್ಟಿದ.

"ಟ್ರಂಕು ಇವತ್ತೇ ಬಸ್ಸಿಗೆ ಹಾಕಾಣ ಏನಪ್ಪ?"

ವರದಿ ಬರೆಯಲು ಕುಳಿತೆ. ಒಂದು ಸಾಲಾಯಿತು, ಮುಂದಕ್ಕೆ ಪೆನ್ನು ಹೋಗಲಿಲ್ಲ. ಹಿಂದಿನ ವರ್ಷ ಭರಮಸಾಗರದ ಕಡೆಯ ಸರ್ವೆ ಆದಾಗ ಇನ್ನೂರು ಹಾಳೆ ನಮ್ಮ ಬೀರುವಿನಲ್ಲಿ ಮೂರು ತಿಂಗಳು ಬಿದ್ದಿದ್ದವು. ಲೆಕ್ಕ ಮುಗಿಸಿ ಎತ್ತರ ಗುರುತು ಹಾಕಲು ಹೋದರೆ ಅರ್ಧ ಗೂಟವೇ ಇಲ್ಲ. ಬೇಸಿಗೆಯಲ್ಲಿ ಯಾರೋ ಕಿತ್ತು ಒಲೆಗೆ ಹಾಕಿದ್ದರು. ಅವರನ್ನು ಬೈದು ಏನು ಬಂತು? ಅಳತೆಯ ಚೈನು ಹಿಡಿಯುವವರು ಅದೇ ಬಿಸಿಲಲ್ಲಿ ಅದೇ ಹನ್ನೊಂದು ಮೈಲಿ ಮತ್ತೆ ನಡೆದರು. ಈ ಪರೀಕ್ಷೆಯಲ್ಲಿ ನಾವು ಯಾವುದು ಬೇಗ ಎಂದಷ್ಟೇ ಕೇಳಿದ್ದೆವು. ಎಷ್ಟು ಕೆಲಸಕ್ಕೆ ಎಂದು ಕೇಳಿರಲಿಲ್ಲ.

ಉಗ್ರಪ್ಪನವರ ಹತ್ತಿರ ಹೋಗಿ, ನಲವತ್ತು ಹಾಳೆ ಕೊಟ್ಟು ನೋಡುತ್ತೇನೆ ಎಂದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ನೋಡ್ರಿ ರೇವಣಸಿದ್ದಪ್ಪ, ನಾ ಕೇಳಿದ್ದು ಒಂದು ಹಾಳೆ. ಹಂಗೇ ಬರದ್ರೆ ಸುಳ್ಳೇನಲ್ಲ."

"ಸುಳ್ಳಲ್ಲ ಸಾರ್. ಆದ್ರೆ ನಮ್ ಕೆಲಸ ಒಂದು ಹಾಳೇದಲ್ಲ."

ನಮ್ಮಲ್ಲಿ ಲೆಕ್ಕ ಮಾಡುವುದು ಇಬ್ಬರು. ಒಬ್ಬ ಪುಸ್ತಕ ನೋಡಿ ಅಂಕಿ ಕೂಗಬೇಕು, ಇನ್ನೊಬ್ಬ ಗುಂಡಿ ಒತ್ತಬೇಕು. ಎರಡು ಯಂತ್ರಕ್ಕೂ ನಾನೇ ಕೂಗುವುದೆಂದಾಯಿತು. ಮೊದಲು ಸಣ್ಣದು. ಓಬಯ್ಯ ಒಂದೊಂದು ಉತ್ತರವನ್ನೂ ಕಾಗದಕ್ಕೆ ಇಳಿಸಿ, ಅದನ್ನೇ ನೋಡಿ ಮತ್ತೆ ಒತ್ತಬೇಕು. ಮಧ್ಯಾಹ್ನದ ಮೇಲೆ ಅವನ ಕೈ ಸೋತಿತು. ಆರನ್ನು ಸೊನ್ನೆ ಎಂದು ಇಳಿಸಿಕೊಂಡು ಮೂರು ಹಾಳೆಯನ್ನು ಮೊದಲಿಂದ ಮಾಡಿದ. ಒಟ್ಟು ಆರೂಮುಕ್ಕಾಲು ಗಂಟೆ.

ಮಾರನೇ ದಿನ ದೊಡ್ಡದು. ನಾನು ಕೂಗುತ್ತ ಹೋದೆ, ಅದು ಅಚ್ಚು ಹಾಕುತ್ತ ಹೋಯಿತು. ನಡುವೆ ಕರೆಂಟು ಹೋಗಿ, ಪಟ್ಟಿಯನ್ನು ಮತ್ತೆ ಓದಿಸಬೇಕಾಯಿತು. ಆ ಹೊತ್ತನ್ನೂ ಸೇರಿಸಿ ಬರೆದುಕೊಂಡೆ. ಇಪ್ಪತ್ತೈದನೇ ಹಾಳೆಯ ಹೊತ್ತಿಗೆ ಸಣ್ಣದೇ ಗೆಲ್ಲುವುದು ಎಲ್ಲರಿಗೂ ಕಾಣುತ್ತಿತ್ತು. ಕಂಪನಿಯವನು ಪ್ರತಿ ಅಂಕಿಗೂ ನನ್ನ ಬಾಯಿಗಾಗಿ ಕಾಯುತ್ತಿದ್ದ. ಬೀಡಿ ಹಚ್ಚಿಕೊಂಡು ಪಕ್ಕದಲ್ಲಿ ಕುಳಿತಿದ್ದ ಓಬಯ್ಯ ನನ್ನ ಕಡೆ ಬಾಗಿ ಮೆಲ್ಲಗೆ ಅಂದ:

"ಹಂಗೇ ಕೂಗು. ಯಾರಿಗೂ ತಿಳಿಯಂಗಿಲ್ಲ."

ಆಗಲೇ ನನಗೆ ತಿಳಿದದ್ದು. ನಿನ್ನೆ ಕೂಗಿದ ಹಾಗೆ ನಾನು ಕೂಗುತ್ತಿರಲಿಲ್ಲ. ಒಂದೊಂದು ಅಂಕಿಯ ನಡುವೆಯೂ ಉಸಿರು ತೆಗೆದುಕೊಳ್ಳುತ್ತಿದ್ದೆ. ಬೇಕೆಂದು ಮಾಡಿದ್ದಲ್ಲ ಎಂದು ಈಗಲೂ ಹೇಳಬಲ್ಲೆ. ಆದರೆ ತಿಳಿದ ಮೇಲೂ ಮುಂದುವರಿಸಿದರೆ ಅದು ಬೇಕೆಂದೇ ಆಗುತ್ತಿತ್ತು. ಕೊಟ್ರಮ್ಮ ಬಸ್ ಸ್ಟ್ಯಾಂಡಿನ ಕಲ್ಲಿನ ಮೇಲೆ ಕಾಲು ಇಳಿಬಿಟ್ಟು ಕಾಯುವುದು ಕಣ್ಣಿಗೆ ಬಂತು. ಹನ್ನೊಂದು ಮೈಲಿ ಎರಡನೇ ಸಲ ನಡೆದು ಬಂದವರ ಕಾಲುಗಳೂ ನೆನಪಿಗೆ ಬಂದವು. ಪುಸ್ತಕ ಮುಚ್ಚಿದೆ. ಯಾವ ಹಾಳೆಯಿಂದ ನಿಧಾನವಾದೆ ಎಂದು ಗೊತ್ತಿರಲಿಲ್ಲ. ಆದ್ದರಿಂದ ಊಟವಾದ ಮೇಲೆ ಮೊದಲ ಹಾಳೆಯಿಂದಲೇ ಶುರು ಮಾಡೋಣ, ಈ ಸಲ ಓಬಯ್ಯ ಕೂಗಲಿ ಎಂದೆ.

ಓಬಯ್ಯ ಬೀಡಿ ಹೊಸಕಿದ. "ಗೆದ್ದ ಆಟ ಯಾವನಾದ್ರು ಮತ್ತೆ ಆಡ್ತಾನೇನ್ಲೇ? ಆ ಹುಡುಗಿಗೆ ಏನಂತೀಯ?"

ಪುಸ್ತಕವನ್ನು ಅವನ ಕೈಗೆ ಕೊಟ್ಟೆ. ಅವನು ಕೂಗಿದ, ಸಿಟ್ಟಿನಿಂದಲೋ ಏನೋ ನನಗಿಂತ ಜೋರಾಗಿ, ಬೇಗಬೇಗ ಕೂಗಿದ. ಎರಡು ಗಂಟೆ ಐವತ್ತು ನಿಮಿಷ. ಒಂದು ಹಾಳೆಯೂ ತಪ್ಪಿರಲಿಲ್ಲ.

ವರದಿಯಲ್ಲಿ ಎರಡೂ ಪರೀಕ್ಷೆಯನ್ನು ಬರೆದೆ. ಒಂದೆರಡು ಹಾಳೆಗೆ ಸಣ್ಣದು ಬೇಗ, ಒಂದು ಬೇಸಿಗೆಯ ಕೆಲಸಕ್ಕೆ ದೊಡ್ಡದು. ಓಬಯ್ಯ ಬೇಗ ಕೂಗಿದ್ದನ್ನೂ ಬರೆದೆ, ಅದನ್ನು ಕಳೆದರೂ ದೊಡ್ಡದೇ ಮುಂದು ಎಂದೂ ಬರೆದೆ. ಉಗ್ರಪ್ಪನವರು ಓದಿ ರುಜು ಹಾಕಿದರು. ಏಪ್ರಿಲ್‌ನಲ್ಲಿ ದೊಡ್ಡದು ಬಂತು. ಹೊಸದುರ್ಗದಲ್ಲಿ ಜಾಗ ಆಗಲಿಲ್ಲ.

ಕೊಟ್ರಮ್ಮ ಜೂನ್‌ನಲ್ಲಿ ಮೂರನೇ ಕ್ಲಾಸಿಗೆ ಹೋದಳು. ನಾನು ಚಿತ್ರದುರ್ಗದಲ್ಲಿದ್ದೆ. ಅವಳಿಗೆ ಕೊಟ್ಟ ಮಾತನ್ನು ನಾನು ಉಳಿಸಿಕೊಳ್ಳಲಿಲ್ಲ.